ಹಗ್ಗ ಒಯ್ಯಿರಿ, ಎಂಜಿನ್ ಬಿಡಿ: ಗಿಡದ ಕೆಲಸಗಾರ ಗಡಿ ದಾಟುವ ಬಗೆ

ಹಮ್ಮಿಗಿ ತುಂಗಭದ್ರೆಯ ದಂಡೆಯ ಊರು. ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜ್ ಇರುವುದು ಇಲ್ಲಿಯೇ. ಈಚೆ ದಂಡೆ ಗದಗ ಜಿಲ್ಲೆಯ ಮುಂಡರಗಿ ತಾಲೂಕು, ಆಚೆ ದಂಡೆ ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲೂಕು. 1956ಕ್ಕೆ ಮುಂಚೆ ಇದೇ ಹೊಳೆ ಎರಡು ರಾಜ್ಯಗಳ ಗಡಿಯಾಗಿತ್ತು: ಈ ಕಡೆ ಮುಂಬಯಿ, ಆ ಕಡೆ 1953ರ ತನಕ ಮದ್ರಾಸು, ಆಮೇಲೆ ಮೈಸೂರು. ಇವತ್ತು ಕೊಡಲಿ, ಹಗ್ಗ, ಮಶೀನ್ ಗರಗಸ ಬೈಕಿಗೆ ಬಿಗಿದುಕೊಂಡು ಕೊರ್ಲಹಳ್ಳಿ ಸೇತುವೆ ದಾಟಿ ಹಡಗಲಿ ಕಡೆ ಕೆಲಸಕ್ಕೆ ಹೋದರೆ ಯಾರೂ ತಡೆದು ಕೇಳುವುದಿಲ್ಲ.

ಅದೇ ಕೆಲಸಗಾರ ಗೋವಾಕ್ಕೆ ಹೊರಟರೆ ಗಿಡದ ಕಾನೂನು ಬದಲಾಗುತ್ತದೆ. ದುಬೈಗೋ ಲಂಡನ್ನಿಗೋ ಹೊರಟರೆ ವಿಮಾನ ಕಂಪನಿ, ಕಸ್ಟಮ್ಸ್, ವಲಸೆ ಇಲಾಖೆ, ಅಲ್ಲಿನ ಸುರಕ್ಷತಾ ನಿಯಮ ಹೀಗೆ ನಾಲ್ಕು ಕಡೆ ಉತ್ತರ ಕೊಡಬೇಕಾಗುತ್ತದೆ. ಹೊರಡುವವರಿಗೆ ಮೊದಲು ಹತ್ತುವ ಚಿಂತೆ ಗರಗಸದ್ದು: ‘ಮಶೀನ್ ಹೆಂಗ ಒಯ್ಯೋದು?’ ನಿಜಕ್ಕೂ ಅದು ಕಟ್ಟಕಡೆಗೆ ಯೋಚಿಸಬೇಕಾದ ಸಾಮಾನು. ಗರಗಸ ಯಾವ ದೇಶದಲ್ಲೂ ಬಾಡಿಗೆಗೆ ಸಿಗುತ್ತದೆ. ಮೈಗೆ ಹೊಂದಿದ ಪಟ್ಟಿ, ಲೆಕ್ಕ ಇಟ್ಟ ಹಗ್ಗ, ಕೈಚಳಕಕ್ಕೆ ಸಿಕ್ಕ ಸರ್ಟಿಫಿಕೇಟು ಬಾಡಿಗೆಗೆ ಸಿಗುವುದಿಲ್ಲ.

ಮೊದಲು ಕೆಲಸ ಏನೆಂದು ತಿಳಿಯೋಣ

ನಮ್ಮ ಕಡೆ ಗಿಡಕ್ಕೆ ಆಳು ಕರೆಯುವುದು ಹೆಚ್ಚಾಗಿ ಕಡಿಸಲಿಕ್ಕೆ, ಇಲ್ಲವೆ ಬೋಳಿಸಲಿಕ್ಕೆ. ಮನೆಯ ಮಾಳಿಗೆ ಮೇಲೆ ಬೇವಿನ ಟೊಂಗಿ ಬಾಗಿದೆ, ಕರೆಂಟಿನ ತಂತಿಗೆ ಹುಣಸೆ ತಾಗುತ್ತಿದೆ, ಹೊಲದ ಬದುವಿನ ಜಾಲಿ ಜೋಳಕ್ಕೆ ನೆರಳು ಮಾಡಿದೆ. ಯಜಮಾನರು ಹೇಳುವುದು ಒಂದೇ ಮಾತು: ‘ಪೂರಾ ಬೋಳಿಸಿ ಬಿಡ್ರಿ, ಮತ್ತ ಚಿಗೀತೈತಿ.’ ಚಿಗುರುವುದೇನೋ ನಿಜ. ಆದರೆ ತಲೆ ಹಾರಿಸಿದ ಗಿಡದಲ್ಲಿ ಬರುವ ಹೊಸ ಟೊಂಗಿಗಳು ಗಟ್ಟಿ ಬುಡವಿಲ್ಲದೆ ತೊಗಟೆಯ ಅಂಚಿಗೆ ಅಂಟಿಕೊಂಡಂತೆ ಬೆಳೆಯುತ್ತವೆ. ಕೆಲವು ವರ್ಷದಲ್ಲಿ ಮುಂಗಾರಿನ ಮೊದಲ ಗಾಳಿಗೆ ಅವೇ ಮುರಿದು ಬೀಳುತ್ತವೆ.

ಬ್ರಿಟನ್ನಿನಲ್ಲಿ ‘ಟ್ರೀ ಸರ್ಜನ್’, ಅಮೆರಿಕದಲ್ಲಿ ‘ಆರ್ಬರಿಸ್ಟ್’ ಎಂದು ಕರೆಸಿಕೊಳ್ಳುವವರ ಕಸುಬು ಬೇರೆ. ಗಿಡ ಉಳಿಯುವಂತೆ ಯಾವ ಟೊಂಗಿ, ಎಲ್ಲಿಗೆ, ಎಷ್ಟು ತೆಗೆಯಬೇಕು ಎಂದು ನಿರ್ಧರಿಸಿ, ಹಗ್ಗದ ಮೇಲೆ ತೂಗುತ್ತ ತೆಗೆಯುವುದು ಅವರ ಕೆಲಸ. ಒಂದು ಸಲಕ್ಕೆ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದು ಎಂಬುದು ಸಾಮಾನ್ಯ ಮಿತಿ.

ಈ ವಿದ್ಯೆಯ ಬುಡ ಮೂರು ಕಡಿತದಲ್ಲಿದೆ. ದಪ್ಪ ಟೊಂಗಿಯೊಂದನ್ನು ತೆಗೆಯಬೇಕು ಎಂದುಕೊಳ್ಳಿ. ಮೊದಲ ಕಡಿತ ಕಾಂಡದಿಂದ ಒಂದಡಿಯಷ್ಟು ದೂರದಲ್ಲಿ, ಟೊಂಗಿಯ ಕೆಳಗಿನಿಂದ, ದಪ್ಪದ ಕಾಲು ಭಾಗದಷ್ಟು ಆಳಕ್ಕೆ. ಎರಡನೆಯದು ಅದಕ್ಕಿಂತ ಎರಡು ಬೆರಳು ಆಚೆ, ಮೇಲಿನಿಂದ. ಟೊಂಗಿ ಇಲ್ಲಿ ಬೀಳುತ್ತದೆ. ಕೆಳಗಿನ ಕಡಿತ ಇಲ್ಲದಿದ್ದರೆ ಬೀಳುವ ಭಾರಕ್ಕೆ ತೊಗಟೆ ಕಾಂಡದುದ್ದಕ್ಕೂ ಸುಲಿದು ಬರುತ್ತದೆ. ಮೂರನೆಯ ಕಡಿತದಲ್ಲಿ ಉಳಿದ ಮೋಟನ್ನು ತೆಗೆಯಬೇಕು. ಟೊಂಗಿ ಕಾಂಡಕ್ಕೆ ಸೇರುವಲ್ಲಿ ಸುಕ್ಕುಗಟ್ಟಿದ ಉಬ್ಬು ಇರುತ್ತದೆ. ಗರಗಸ ಆ ಉಬ್ಬಿನ ಹೊರಗೇ ಇಳಿಯಬೇಕು. ಗಿಡ ಗಾಯವನ್ನು ಮುಚ್ಚಿಕೊಳ್ಳಲು ಬೇಕಾದ ಜೀವಕೋಶಗಳು ಆ ಉಬ್ಬಿನಲ್ಲಿರುತ್ತವೆ. ಅದನ್ನು ಸವರಿ ನುಣ್ಣಗೆ ಮಾಡಿದರೆ ಗಾಯ ದೊಡ್ಡದಾಗುತ್ತದೆ, ಮೋಟು ಉದ್ದ ಬಿಟ್ಟರೆ ಕೊಳೆ ಒಳಗಿಳಿಯುತ್ತದೆ.

ಕಡಿದ ಜಾಗಕ್ಕೆ ಡಾಂಬರು, ಬಣ್ಣ ಬಳಿಯುವ ರೂಢಿಯೂ ಇದೆ. ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ನೋಡಿ 1970ರ ದಶಕದಲ್ಲಿ ತೋರಿಸಿದ್ದು ಇದನ್ನು: ಮರ ನಮ್ಮ ಚರ್ಮದಂತೆ ಗಾಯ ಮಾಯಿಸುವುದಿಲ್ಲ, ಕೆಟ್ಟ ಭಾಗದ ಸುತ್ತ ಗೋಡೆ ಕಟ್ಟಿ ಅದನ್ನು ಅಲ್ಲಿಯೇ ಮುಚ್ಚಿಹಾಕುತ್ತದೆ. ಬಳಿದ ಬಣ್ಣ ಆ ಕೆಲಸಕ್ಕೆ ನೆರವಾಗುವುದಿಲ್ಲ. ಹೊರದೇಶದ ಪ್ರಾಯೋಗಿಕ ಪರೀಕ್ಷೆಯಲ್ಲಿ ಈ ಮೂರನೆಯ ಕಡಿತ ಎಲ್ಲಿ ಇಳಿಯಿತು ಎಂಬುದನ್ನೂ ನೋಡುತ್ತಾರೆ.

ಸಾಮಾನನ್ನು ಮೂರು ಗುಂಪು ಮಾಡಿ

ಗಡಿ ದಾಟುವ ಲೆಕ್ಕಕ್ಕೆ ಸಾಮಾನನ್ನು ಮೂರಾಗಿ ವಿಂಗಡಿಸಿದರೆ ತಲೆನೋವು ಅರ್ಧ ಕಡಿಮೆ.

ಮೊದಲನೆಯದು ಮೈಮೇಲಿನ ಸಾಮಾನು: ಹೆಲ್ಮೆಟ್, ಸೊಂಟ-ತೊಡೆಗೆ ಬಿಗಿಯುವ ಹಾರ್ನೆಸ್, ಹತ್ತುವ ಹಗ್ಗ, ಕಾಂಡ ಬಳಸಿ ಹಾಕುವ ಗಿಡ್ಡ ಹಗ್ಗ, ಕ್ಯಾರಬಿನರ್ ಕೊಂಡಿಗಳು, ಗರಗಸ ತಡೆಯುವ ಪ್ಯಾಂಟು, ಬೂಟು. ಎರಡನೆಯದು ಕೈ ಸಾಮಾನು: ಬಾಗಿದ ಕೈಗರಗಸ, ಟೊಂಗಿ ಕತ್ತರಿ, ಎಸೆದು ಹಗ್ಗ ಏರಿಸುವ ತೂಕದ ಚೀಲ ಮತ್ತು ದಾರ. ಮೂರನೆಯದು ಎಂಜಿನ್ ಸಾಮಾನು: ಪೆಟ್ರೋಲ್ ಗರಗಸ, ಬ್ಯಾಟರಿ ಗರಗಸ, ಅದರ ಬ್ಯಾಟರಿ, ಎಣ್ಣೆ, ಇಂಧನ.

ಮೊದಲ ಗುಂಪಿನಲ್ಲಿ ಎರಡು ವಿಷಯ ಗಮನಿಸಬೇಕು. ಒಂದು ಹಗ್ಗ. ಬಾವಿಗೆ ಬಿಡುವ ಹಗ್ಗ, ಟ್ರ್ಯಾಕ್ಟರ್ ಹೇರು ಬಿಗಿಯುವ ಪ್ಲಾಸ್ಟಿಕ್ ಹಗ್ಗ ಮನುಷ್ಯನ ಭಾರಕ್ಕಲ್ಲ. ಮರ ಹತ್ತುವ ಹಗ್ಗಕ್ಕೆ ಯುರೋಪಿನಲ್ಲಿ ಇಎನ್ 1891ರ ‘ಎ’ ದರ್ಜೆ ಕೇಳುತ್ತಾರೆ. ಅದು ಕನಿಷ್ಠ 22 ಕಿಲೋನ್ಯೂಟನ್, ಅಂದರೆ ಹೆಚ್ಚೂಕಡಿಮೆ 2,200 ಕೆ.ಜಿ. ಭಾರ ತಡೆಯಬೇಕು. ದಪ್ಪ ಸಾಮಾನ್ಯವಾಗಿ 11ರಿಂದ 13 ಮಿ.ಮೀ. ಎರಡನೆಯದು ಹಾರ್ನೆಸ್ ಮೇಲಿನ ಗುರುತು. ನಮ್ಮ ಅಂಗಡಿಯಲ್ಲಿ ಸಿಗುವ ಸುರಕ್ಷಾ ಪಟ್ಟಿಗೆ ಐಎಸ್ 3521, ಹೆಲ್ಮೆಟ್ಟಿಗೆ ಐಎಸ್ 2925 ಎಂದು ಭಾರತೀಯ ಮಾನಕದ ಸಂಖ್ಯೆ ಇರುತ್ತದೆ. ಇಲ್ಲಿ ಅದು ಸಾಕು. ಬ್ರಿಟನ್, ಯುರೋಪಿನಲ್ಲಿ ಹಾರ್ನೆಸ್ಸಿಗೆ ಇಎನ್ 358 ಮತ್ತು ಇಎನ್ 813 ಇರಬೇಕು. ಮೊದಲನೆಯದು ಕಾಂಡಕ್ಕೆ ಒರಗಿ ಕೆಲಸ ಮಾಡುವ ಪಟ್ಟಿಗೆ, ಎರಡನೆಯದು ಕೂತು ತೂಗುವ ಪಟ್ಟಿಗೆ. ಬಿಲ್ಡಿಂಗ್ ಕೆಲಸದಲ್ಲಿ ಬೆನ್ನ ಹಿಂದೆ ಕೊಕ್ಕೆ ಇರುವ ಪಟ್ಟಿ ಬೀಳುವುದನ್ನು ತಡೆಯಲಿಕ್ಕೆ ಮಾಡಿದ್ದು. ಅದರಲ್ಲಿ ಗಂಟೆಗಟ್ಟಲೆ ತೂಗಿ ಕೆಲಸ ಮಾಡಲಾಗದು. ಹೊಸದು ಕೊಳ್ಳುವುದೇ ಆದರೆ ಮೊದಲಿಗೇ ಎರಡೂ ಕಡೆ ನಡೆಯುವ ಗುರುತಿನದನ್ನು ಕೊಳ್ಳುವುದು ಲೇಸು.

ಗರಗಸದ ಪ್ಯಾಂಟಿನ ಗುಟ್ಟು ಅದರೊಳಗಿನ ನಾರಿನಲ್ಲಿದೆ. ಓಡುವ ಚೈನು ತಾಗಿದ ಕ್ಷಣ ಉದ್ದನೆಯ ನಾರುಗಳು ಹೊರಬಂದು ಹಲ್ಲಿನ ಚಕ್ರಕ್ಕೆ ಸುತ್ತಿ ಗರಗಸವನ್ನೇ ನಿಲ್ಲಿಸುತ್ತವೆ. ದರ್ಜೆ ಅಳೆಯುವುದು ಚೈನಿನ ವೇಗದಿಂದ: ಒಂದನೇ ದರ್ಜೆ ಸೆಕೆಂಡಿಗೆ 20 ಮೀಟರ್, ಎರಡನೆಯದು 24, ಮೂರನೆಯದು 28. ಲುಂಗಿ ಎತ್ತಿ ಕಟ್ಟಿ ಮಶೀನ್ ಹಿಡಿಯುವ ನಮ್ಮ ರೂಢಿಗೆ ಹೊರಗೆ ಎಲ್ಲಿಯೂ ಜಾಗವಿಲ್ಲ. ಇಲ್ಲಿಯೂ ಇರಬಾರದು.

ಊರಿನಲ್ಲಿ: ಯಾರ ಗಿಡ, ಯಾರ ಅಪ್ಪಣೆ

ಕರ್ನಾಟಕದಲ್ಲಿ ಖಾಸಗಿ ಜಾಗದ ಗಿಡಕ್ಕೂ 1976ರ ಮರಗಳ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಕಡಿಯುವ ಮುಂಚೆ ವೃಕ್ಷಾಧಿಕಾರಿಗೆ, ಅಂದರೆ ಆ ಹೊಣೆ ಹೊತ್ತ ಅರಣ್ಯ ಅಧಿಕಾರಿಗೆ ಅರ್ಜಿ ಹಾಕಬೇಕು. ತೆಂಗು, ನೀಲಗಿರಿ, ಸರ್ವೆ, ಸುಬಾಬುಲ್, ಸಿಲ್ವರ್ ಓಕ್‌ನಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. 50ಕ್ಕಿಂತ ಹೆಚ್ಚು ಮರ ಕಡಿಯುವ ಅರ್ಜಿ ಬಂದರೆ ಸಾರ್ವಜನಿಕರ ಆಕ್ಷೇಪಣೆ ಕೇಳಿಯೇ ತೀರ್ಮಾನಿಸಬೇಕು. ಕಡಿದ ಕಟ್ಟಿಗೆಯನ್ನು ಸಾಗಿಸಲಿಕ್ಕೆ ಸಾಗಾಣಿಕೆ ಪರವಾನಗಿ ಬೇರೆ. ಕೆಲಸಗಾರನ ಮಟ್ಟಿಗೆ ನಿಯಮ ಸರಳ: ಅಪ್ಪಣೆಯ ಕಾಗದದ ಫೋಟೊ ಮೊಬೈಲಿನಲ್ಲಿ ಬಂದ ಮೇಲೆಯೇ ಗರಗಸ ಬೈಕಿಗೆ ಕಟ್ಟಬೇಕು. ‘ನಮ್ಮ ಗಿಡ, ನಮಗ್ಯಾರು ಕೇಳ್ತಾರ’ ಎಂಬ ಯಜಮಾನನ ಮಾತು ತನಿಖೆಗೆ ಬಂದವರ ಮುಂದೆ ನಿಲ್ಲುವುದಿಲ್ಲ.

ಮುಂಡರಗಿ, ಶಿರಹಟ್ಟಿ, ಗದಗ ತಾಲೂಕಿನವರಿಗೆ ಇನ್ನೊಂದು ಎಚ್ಚರ ಬೇಕು. ಕಪ್ಪತಗುಡ್ಡದ 244 ಚದರ ಕಿ.ಮೀ. ಪ್ರದೇಶ 2019ರಿಂದ ವನ್ಯಜೀವಿ ಧಾಮ. ಕಾಡಿನೊಳಗೆ ಅಪ್ಪಣೆಯಿಲ್ಲದೆ ಕಡಿತ ನಡೆದರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಕಟ್ಟಿಗೆಯ ಜೊತೆಗೆ ಉಪಕರಣ, ವಾಹನವನ್ನೂ ಜಪ್ತಿ ಮಾಡುವ ಅಧಿಕಾರವಿದೆ. ಅಪರಾಧ ಇನ್ನೊಬ್ಬರದಾಗಿದ್ದು ಗರಗಸ ನಿಮ್ಮದಾಗಿದ್ದರೂ ಹೋಗುವುದು ಗರಗಸವೇ. ಅದಕ್ಕೇ ಮಶೀನನ್ನು ಗೊತ್ತಿಲ್ಲದವರಿಗೆ ಬಾಡಿಗೆ ಕೊಡಬೇಡಿ; ಕೊಂಡ ಬಿಲ್ಲು, ಸೀರಿಯಲ್ ನಂಬರ್ ಜೋಪಾನ ಮಾಡಿ. ಈ ಬಿಲ್ಲೇ ಮುಂದೆ ಕಸ್ಟಮ್ಸ್ ಮೇಜಿನ ಮೇಲೂ ಕೆಲಸಕ್ಕೆ ಬರುತ್ತದೆ.

ತಂತಿ ಹತ್ತಿರದ ಗಿಡಕ್ಕೆ ಹೆಸ್ಕಾಂನವರಿಂದ ಲೈನ್ ಬಂದ್ ಮಾಡಿಸದೆ ಕೈ ಹಚ್ಚಲೇಬಾರದು. ಸಹಾಯವಾಣಿ 1912. ‘ಈಗ ಕರೆಂಟ್ ಇಲ್ಲ’ ಎಂದು ಮನೆಯವರು ಹೇಳಿದ ಮಾತ್ರಕ್ಕೆ ತಂತಿ ಸತ್ತಿದೆ ಎಂದಲ್ಲ. ಲೋಡ್‌ಶೆಡ್ಡಿಂಗ್ ಮುಗಿದು ಯಾವ ಗಳಿಗೆಯಲ್ಲೂ ಬರಬಹುದು. ಹಸಿ ಟೊಂಗಿ ವಿದ್ಯುತ್ತನ್ನು ಹರಿಸುತ್ತದೆ.

ರಾಜ್ಯ ಬದಲಾದರೆ ಕಾಯ್ದೆಯೂ ಬದಲು

ಗದಗಿನಿಂದ ಗೋವಾ ದೂರವಲ್ಲ. ಅಲ್ಲಿ 1984ರ ಮರಗಳ ಸಂರಕ್ಷಣಾ ಕಾಯ್ದೆ ನಡೆಯುತ್ತದೆ. ಮಹಾರಾಷ್ಟ್ರದಲ್ಲಿ ಹಳ್ಳಿ ಕಡೆಗೆ 1964ರ ಕಾಯ್ದೆ, ನಗರಗಳಿಗೆ 1975ರದ್ದು. ನಗರದಲ್ಲಿ ತೀರ್ಮಾನ ಪಾಲಿಕೆಯ ವೃಕ್ಷ ಪ್ರಾಧಿಕಾರದ ಕೈಯಲ್ಲಿರುತ್ತದೆ. ಆಂಧ್ರ, ತೆಲಂಗಾಣದಲ್ಲಿ ನೀರು, ನೆಲ, ಮರ ಮೂರನ್ನೂ ಸೇರಿಸಿದ 2002ರ ‘ವಾಲ್ಟಾ’ ಕಾಯ್ದೆ. ಕೇರಳದಲ್ಲಿ, ಕನ್ನಡಿಗರು ಹೆಚ್ಚಿರುವ ಕಾಸರಗೋಡೂ ಸೇರಿ, ಖಾಸಗಿ ಜಮೀನಿನ ಮರಕ್ಕೆ 2005ರ ಕಾಯ್ದೆ. ಇಲ್ಲಿ ವಿನಾಯಿತಿ ಇರುವ ಜಾತಿಗೆ ಅಲ್ಲಿ ಇಲ್ಲದಿರಬಹುದು. ಅಪ್ಪಣೆ ತರುವ ಹೊಣೆ ಗಿಡದ ಒಡೆಯನದು ಎಂದು ಕೆಲಸ ಒಪ್ಪುವಾಗಲೇ ಬರೆಸಿಕೊಳ್ಳಿ.

ಸಾಗಿಸುವಾಗ ಪೆಟ್ರೋಲ್ ಮುಖ್ಯ ಅಡ್ಡಿ. ಬೆಂಕಿ ಹೊತ್ತುವ ಸಾಮಾನನ್ನು ರೈಲಿನಲ್ಲಿ ಒಯ್ದರೆ ರೈಲ್ವೆ ಕಾಯ್ದೆಯ 164ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಸಜೆ ಆಗಬಹುದು. ಗರಗಸದ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ, ಬ್ಲೇಡಿಗೆ ಕವಚ ಹಾಕಿ, ಚೈನ್ ಬಿಚ್ಚಿ ಬೇರೆ ಕಟ್ಟಿ. ಇಂಧನವನ್ನು ಹೋದಲ್ಲಿಯೇ ಕೊಳ್ಳಿ. ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಟೂ-ಸ್ಟ್ರೋಕ್ ಎಣ್ಣೆ ಎಂಬುದು ಈಗಿನ ಹಲವು ಗರಗಸಗಳ ಪ್ರಮಾಣ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುತ್ತದೆ, ಅದು ಗಾಳಿಯ ತೇವ ಹೀರುತ್ತದೆ. ವಾರಗಟ್ಟಲೆ ಟ್ಯಾಂಕಿನಲ್ಲಿ ಬಿಟ್ಟರೆ ಕಾರ್ಬುರೇಟರ್ ಕೆಡುತ್ತದೆ. ನಿಮ್ಮ ಮಶೀನ್ ಎಷ್ಟು ಎಥನಾಲ್ ತಾಳುತ್ತದೆ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಿ.

ವಿಮಾನ: ವೋಲ್ಟ್ ಗುಣಿಸು ಆಂಪಿಯರ್

ಒಮ್ಮೆ ಪೆಟ್ರೋಲ್ ಕಂಡ ಎಂಜಿನ್ನು ವಿಮಾನಯಾನದ ಲೆಕ್ಕದಲ್ಲಿ ಅಪಾಯಕಾರಿ ಸರಕು. ಟ್ಯಾಂಕ್ ಒರೆಸಿ ಒಣಗಿಸಿದರೂ ಒಳಗೆ ಆವಿ ಉಳಿದಿರುತ್ತದೆ, ವಾಸನೆ ಬರುತ್ತದೆ. ಪ್ರಯಾಣಿಕರ ಲಗೇಜಿನಲ್ಲಿ ಬಹುತೇಕ ಕಂಪನಿಗಳು ಅದನ್ನು ಒಪ್ಪುವುದಿಲ್ಲ. ಒಯ್ಯಲೇಬೇಕಾದರೆ ಅಪಾಯಕಾರಿ ಸರಕಿನ ಕಾಗದ ಬಲ್ಲ ಕಾರ್ಗೊ ಏಜೆಂಟ್ ಮೂಲಕ ಕಳಿಸಬೇಕು. ಆ ಖರ್ಚಿನಲ್ಲಿ ಅಲ್ಲಿ ಹಳೆಯ ಮಶೀನ್ ಒಂದನ್ನು ಕೊಳ್ಳಬಹುದು.

ಬ್ಯಾಟರಿ ಗರಗಸಕ್ಕೆ ಒಂದು ಗುಣಾಕಾರ ಸಾಕು. ಬ್ಯಾಟರಿಯ ಮೇಲೆ ಬರೆದ ವೋಲ್ಟನ್ನು ಆಂಪಿಯರ್-ಅವರಿಂದ ಗುಣಿಸಿದರೆ ವ್ಯಾಟ್-ಅವರ್ ಬರುತ್ತದೆ. 100ರ ತನಕ ಬಿಡಿ ಬ್ಯಾಟರಿಯನ್ನು ಕೈಚೀಲದಲ್ಲಿ ಒಯ್ಯಬಹುದು. 100ರಿಂದ 160ರ ತನಕದ್ದಕ್ಕೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, ಅದೂ ಎರಡೇ. 160 ಮೀರಿದರೆ ಪ್ರಯಾಣಿಕರ ಲಗೇಜಿನಲ್ಲಿ ಜಾಗವೇ ಇಲ್ಲ. 18 ವೋಲ್ಟಿನ, 5 ಆಂಪಿಯರ್-ಅವರಿನ ಚಿಕ್ಕ ಬ್ಯಾಟರಿ 90 ಆಯಿತು, ದಾಟುತ್ತದೆ. 36 ವೋಲ್ಟಿನ, 6 ಆಂಪಿಯರ್-ಅವರಿನದು 216. ಚೆಕ್-ಇನ್ ಕೌಂಟರಿನಲ್ಲಿಯೇ ಉಳಿಯುತ್ತದೆ. ಬಿಡಿ ಬ್ಯಾಟರಿಯನ್ನು ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ ಕಳಿಸುವಂತಿಲ್ಲ. ಕೈಗರಗಸ, ಕತ್ತರಿ, ಕೊಂಡಿಗಳು ಮಾತ್ರ ಚೆಕ್-ಇನ್ ಪೆಟ್ಟಿಗೆಯಲ್ಲಿಯೇ ಹೋಗಬೇಕು. ಹಾರ್ನೆಸ್, ಹಗ್ಗ, ಹೆಲ್ಮೆಟ್ಟಿಗೆ ತೂಕದ ಮಿತಿ ಬಿಟ್ಟರೆ ಬೇರೆ ಅಡ್ಡಿಯಿಲ್ಲ.

ಕಸ್ಟಮ್ಸ್: ಸಾಮಾನಿನ ಪಾಸ್‌ಪೋರ್ಟು

ನೌಕರಿಗೆ ಹೋಗುವವನಿಗೂ ಒಪ್ಪಂದದ ಮೇಲೆ ಹೋಗುವವನಿಗೂ ಇಲ್ಲಿ ದಾರಿ ಬೇರೆ. ಕಂಪನಿಯೊಂದಕ್ಕೆ ವರ್ಷಗಟ್ಟಲೆ ದುಡಿಯಲು ಹೋಗುವವನು ತನ್ನ ಹಾರ್ನೆಸ್ಸನ್ನು ಲಗೇಜಿನಲ್ಲಿ ಒಯ್ದರೆ ಸಾಕು. ಬೆಲೆಬಾಳುವ ಸಾಮಾನು ಇದ್ದರೆ ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ತೋರಿಸಿ ರಫ್ತು ಪ್ರಮಾಣಪತ್ರ ಪಡೆಯಬೇಕು. ಇಲ್ಲದಿದ್ದರೆ ವಾಪಸ್ ಬರುವಾಗ ಅದನ್ನು ವಿದೇಶದಲ್ಲಿ ಕೊಂಡದ್ದೆಂದು ಸುಂಕ ಕೇಳಬಹುದು.

ಕೆಲವು ವಾರದ ಕೆಲಸಕ್ಕೆ ಪೂರ್ತಿ ಸಾಮಾನಿನೊಂದಿಗೆ ಹೋಗಿ ಬರುವ ತಂಡಕ್ಕೆ ‘ಎಟಿಎ ಕಾರ್ನೆ’ ಎಂಬ ಕಾಗದದ ಕಟ್ಟು ಇದೆ. ಭಾರತದಲ್ಲಿ ಅದನ್ನು ಕೊಡುವ ಸಂಸ್ಥೆ ಫಿಕ್ಕಿ. ಒಂದು ವರ್ಷ ನಡೆಯುವ ಈ ಕಟ್ಟಿನಲ್ಲಿ ಪ್ರತಿ ಸಾಮಾನಿನ ಹೆಸರು, ತೂಕ, ಬೆಲೆ, ಸೀರಿಯಲ್ ನಂಬರ್ ಬರೆದಿರುತ್ತದೆ. ಗಡಿಯಲ್ಲಿ ಹೊರಹೋಗುವಾಗ, ಒಳಹೋಗುವಾಗ, ವಾಪಸಾಗುವಾಗ ಪ್ರತಿ ಸಲವೂ ಒಂದೊಂದು ಚೀಟಿ ಹರಿದು ಮುದ್ರೆ ಹಾಕುತ್ತಾರೆ. ಸಾಮಾನು ಮರಳಿ ಬರುತ್ತದೆ ಎಂಬ ಭರವಸೆಗೆ ಮೊದಲೇ ಠೇವಣಿ ಇಲ್ಲವೆ ಬ್ಯಾಂಕ್ ಗ್ಯಾರಂಟಿ ಇಡಬೇಕು, ಅದರ ಬಲದ ಮೇಲೆ ಅಲ್ಲಿ ಸುಂಕ ಕಟ್ಟುವುದು ತಪ್ಪುತ್ತದೆ.

ಮೂರು ಕಡೆ ಎಡವುವುದುಂಟು. ಪಟ್ಟಿ ಒಮ್ಮೆ ಮುದ್ರೆಯಾದ ಮೇಲೆ ಹೊಸ ಸಾಮಾನು ಸೇರಿಸುವಂತಿಲ್ಲ. ಬಳಸಿ ಮುಗಿಯುವ ಚೈನ್ ಎಣ್ಣೆ, ಇಂಧನ ಇದರಲ್ಲಿ ಬರುವುದಿಲ್ಲ. ಒಂದು ಕಡೆ ಮುದ್ರೆ ಹಾಕಿಸುವುದು ಮರೆತರೆ ಸಾಮಾನು ಅಲ್ಲಿಯೇ ಮಾರಿದಿರಿ ಎಂದು ಲೆಕ್ಕವಾಗಿ ಠೇವಣಿಗೆ ಕೈ ಬೀಳುತ್ತದೆ. ಎಲ್ಲ ದೇಶಗಳೂ ಕಾರ್ನೆಯನ್ನು ಒಪ್ಪುವುದಿಲ್ಲ. ಒಪ್ಪುವ ದೇಶಗಳಲ್ಲೂ ವಸ್ತುಪ್ರದರ್ಶನದ ಸಾಮಾನಿಗೆ ಒಂದು, ಕೆಲಸದ ಉಪಕರಣಕ್ಕೆ ಇನ್ನೊಂದು ನಿಯಮವಿರುತ್ತದೆ. ಹೋಗುವ ದೇಶದ ಹೆಸರು ಹೇಳಿ ಫಿಕ್ಕಿಯಲ್ಲಿ ಮೊದಲೇ ಕೇಳಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು: ಕಾರ್ನೆ ದಾಟಿಸುವುದು ಸಾಮಾನನ್ನು, ಮನುಷ್ಯನನ್ನಲ್ಲ. ಟೂರಿಸ್ಟ್ ವೀಸಾದಲ್ಲಿ ಹೋಗಿ ಸಂಬಳಕ್ಕೆ ಮರ ಹತ್ತಿದರೆ ಎಷ್ಟು ಮುದ್ರೆಗಳಿದ್ದರೂ ಕೆಲಸ ಅಕ್ರಮವೇ.

ಮನುಷ್ಯನ ಕಾಗದ

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ‘ಇಸಿಆರ್’ (ವಲಸೆಗೆ ಅನುಮತಿ ಬೇಕು) ಎಂಬ ಗುರುತು ಇರುತ್ತದೆ. ಅಂಥವರು ಯುಎಇ, ಸೌದಿ, ಕತಾರ್, ಒಮಾನ್, ಕುವೈತ್, ಬಹರೈನ್, ಮಲೇಷ್ಯಾ ಸೇರಿ 18 ದೇಶಗಳಿಗೆ ನೌಕರಿಗೆ ಹೋಗಬೇಕಾದರೆ 1983ರ ವಲಸೆ ಕಾಯ್ದೆಯಡಿ ‘ಇ-ಮೈಗ್ರೇಟ್’ ವ್ಯವಸ್ಥೆಯಲ್ಲಿ ಅನುಮತಿ ಪಡೆಯಬೇಕು. ನೋಂದಾಯಿತ ಏಜೆಂಟ್ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಶುಲ್ಕ ಪಡೆಯುವಂತಿಲ್ಲ. ಲಕ್ಷಗಟ್ಟಲೆ ಕೇಳುವವನು ಎಷ್ಟೇ ಪರಿಚಯದವನಾದರೂ ಕಾನೂನು ಮೀರಿದವನೇ. ‘ಪ್ರವಾಸಿ ಭಾರತೀಯ ಬಿಮಾ ಯೋಜನೆ’ ಇವರಿಗೆ ಕಡ್ಡಾಯ. ಅಪಘಾತದಲ್ಲಿ ಸತ್ತರೆ ಇಲ್ಲವೆ ಶಾಶ್ವತ ಅಂಗವಿಕಲತೆ ಬಂದರೆ 10 ಲಕ್ಷ ರೂಪಾಯಿ ವಿಮೆ ಇದೆ. ಎತ್ತರದ ಕೆಲಸಕ್ಕೆ ಹೋಗುವವನು ಈ ಕಾಗದದ ಒಂದು ಪ್ರತಿಯನ್ನು ಮನೆಯಲ್ಲಿ ಬಿಟ್ಟು ಹೋಗಬೇಕು.

ಬ್ರಿಟನ್ನಿನ ದಾರಿ ಈಗ ಕಿರಿದಾಗಿದೆ. 2025ರ ಜುಲೈನಿಂದ ಅಲ್ಲಿನ ಕೌಶಲ್ಯ ವೀಸಾ ಪದವಿ ಮಟ್ಟದ ಕೆಲಸಗಳಿಗೆ ಏರಿದ್ದು, ಅನೇಕ ಕೈಕಸುಬುಗಳು ಪಟ್ಟಿಯಿಂದ ಹೊರಬಿದ್ದಿವೆ. ಗರಗಸದ ಕೋರ್ಸಿಗೆ ಹಣ ಕಟ್ಟುವ ಮೊದಲು ಆ ದೇಶದ ವೀಸಾ ಪಟ್ಟಿಯಲ್ಲಿ ಈ ಕೆಲಸ ಇದೆಯೇ ಎಂದು ನೋಡಿಕೊಳ್ಳುವುದು ಜಾಣತನ.

ಕೈಚಳಕಕ್ಕೆ ಸಾಕ್ಷಿ

ಚಿಕ್ಕಂದಿನಿಂದ ತೆಂಗು ಏರಿದವನಿಗೂ ಹೊರದೇಶದಲ್ಲಿ ಪರೀಕ್ಷೆ ತಪ್ಪುವುದಿಲ್ಲ. ಬ್ರಿಟನ್ನಿನಲ್ಲಿ ನೆಲದ ಮೇಲೆ ಗರಗಸ ಬಳಸುವುದು, ಹಗ್ಗದಲ್ಲಿ ಹತ್ತಿ ಮೇಲೆ ಸಿಕ್ಕಿಕೊಂಡವನನ್ನು ಇಳಿಸುವುದು, ಹಗ್ಗದಲ್ಲಿ ತೂಗುತ್ತ ಗರಗಸ ಬಳಸುವುದು ಇವಕ್ಕೆಲ್ಲ ಬೇರೆ ಬೇರೆ ಸರ್ಟಿಫಿಕೇಟು. ಯುರೋಪಿನ ಹಲವು ದೇಶಗಳಲ್ಲಿ ‘ಯುರೋಪಿಯನ್ ಟ್ರೀ ವರ್ಕರ್’ ಪ್ರಮಾಣಪತ್ರ ನಡೆಯುತ್ತದೆ. ಎರಡು ದೇಶಗಳಲ್ಲಿ ಕೆಲಸ ಮಾಡುವವರಿಗೆ ಇದರ ಉಪಯೋಗ ಹೆಚ್ಚು. ಜರ್ಮನಿಯಲ್ಲಿ ಹಗ್ಗದ ತರಬೇತಿಗೆ ‘ಎಸ್‌ಕೆಟಿ’ ಎ ಮತ್ತು ಬಿ ಎಂಬ ಎರಡು ಹಂತ, ಆಸ್ಟ್ರೇಲಿಯಾದಲ್ಲಿ ಮೂರನೇ ಮಟ್ಟದ ಆರ್ಬರಿಕಲ್ಚರ್ ಅರ್ಹತೆ. ಅಮೆರಿಕ ಮೂಲದ ‘ಐಎಸ್ಎ ಸರ್ಟಿಫೈಡ್ ಆರ್ಬರಿಸ್ಟ್’ ಪರೀಕ್ಷೆಗೆ ಮೂರು ವರ್ಷದ ಅನುಭವ ಇಲ್ಲವೆ ಅದಕ್ಕೆ ಸಮನಾದ ಓದು ಬೇಕು.

ಇಂಥ ಎಲ್ಲ ಕಡೆ ಕೇಳುವ ಒಂದು ಪ್ರಶ್ನೆ ನಮ್ಮಲ್ಲಿ ಯಾರೂ ಕೇಳುವುದಿಲ್ಲ: ಮೇಲೆ ಹತ್ತಿದವನು ಎಚ್ಚರ ತಪ್ಪಿದರೆ ಕೆಳಗಿಳಿಸುವವರು ಯಾರು? ಬ್ರಿಟನ್ನಿನಲ್ಲಿ ಒಬ್ಬನೇ ಹತ್ತುವಂತಿಲ್ಲ. ಕೆಳಗೆ ಇನ್ನೊಬ್ಬ, ಅವನಿಗೂ ಹತ್ತಲು ಬರಬೇಕು, ಎರಡನೇ ಹಗ್ಗ-ಹಾರ್ನೆಸ್ ಕೈಗೆ ಸಿಗುವಂತಿರಬೇಕು. ಜೊತೆಗೆ 1998ರ ‘ಲೋಲರ್’ ನಿಯಮದಂತೆ ಮನುಷ್ಯನ ಭಾರ ಹೊರುವ ಪ್ರತಿ ಹಗ್ಗ, ಪಟ್ಟಿ, ಕೊಂಡಿಯನ್ನು ಆರು ತಿಂಗಳಿಗೊಮ್ಮೆ ಪರಿಣತರು ಪರೀಕ್ಷಿಸಿ ಬರೆದಿಡಬೇಕು. ಊರಿನಿಂದ ಒಯ್ದ ಹಗ್ಗ ಎಷ್ಟು ಗಟ್ಟಿ ಕಂಡರೂ ತಯಾರಾದ ದಿನಾಂಕದ ಚೀಟಿ ಕಿತ್ತುಹೋಗಿದ್ದರೆ ಪರೀಕ್ಷಕ ಅದನ್ನು ಪಕ್ಕಕ್ಕಿಡುತ್ತಾನೆ. ಹಗ್ಗ, ಪಟ್ಟಿಯಂಥ ನೂಲಿನ ಸಾಮಾನಿಗೆ ತಯಾರಕರು ಹೆಚ್ಚೆಂದರೆ ಹತ್ತು ವರ್ಷದ ಆಯುಸ್ಸು ಹೇಳುತ್ತಾರೆ. ದಿನವೂ ಬಳಸಿದರೆ ಬಹಳ ಬೇಗ ಮುಗಿಯುತ್ತದೆ.

ನಮ್ಮಲ್ಲೇ ಸಿಗುವ ಮೊದಲ ಮೆಟ್ಟಿಲು ತೆಂಗು ಅಭಿವೃದ್ಧಿ ಮಂಡಳಿಯದು. 2011ರಲ್ಲಿ ಶುರುವಾದ ‘ತೆಂಗಿನ ಮರದ ಗೆಳೆಯರು’ ತರಬೇತಿಯಲ್ಲಿ ಯಂತ್ರದಿಂದ ಹತ್ತುವುದು, ಸುಳಿ ಶುಚಿ ಮಾಡುವುದು, ರೋಗ ಗುರುತಿಸುವುದನ್ನು ಕಲಿಸುತ್ತಾರೆ. ಇದು ಟ್ರೀ ಸರ್ಜನ್ ಸರ್ಟಿಫಿಕೇಟ್ ಅಲ್ಲ. ಆದರೆ ಕೊಲ್ಲಿ ದೇಶಗಳ ಖರ್ಜೂರದ ತೋಟಕ್ಕೆ ಹೊರಟವನಿಗೆ ಇದಕ್ಕಿಂತ ಹತ್ತಿರದ ತರಬೇತಿ ಇಲ್ಲ: ಒಣ ಗರಿ ತೆಗೆಯುವುದು, ಮುಳ್ಳು ಸವರುವುದು, ಗೊನೆ ಇಳಿಸುವುದು ಅಲ್ಲಿನ ನಿತ್ಯದ ಕೆಲಸ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಿನಲ್ಲಿ ದುಡಿಸುವಂತಿಲ್ಲ ಎಂಬುದೂ ತಿಳಿದಿರಲಿ.

ಸಾಮಾನಿನ ಜೊತೆ ಹೋಗುವ ಬಿಟ್ಟಿ ಪ್ರಯಾಣಿಕ

ತೆಂಗು ಬೆಳೆಯುವವರಿಗೆ ಕೆಂಪು ಮೂತಿ ಹುಳದ ಪರಿಚಯ ಮಾಡಿಕೊಡಬೇಕಿಲ್ಲ. ಕಾಂಡದೊಳಗೆ ಸೇರಿ ತಿಂದು ಮರವನ್ನೇ ಮಲಗಿಸುವ ಈ ಹುಳ ದಕ್ಷಿಣ ಏಷ್ಯಾದ್ದು. 1980ರ ದಶಕದ ನಡುವಿನಲ್ಲಿ ಸಾಗಿಸಿದ ತಾಳೆ ಜಾತಿಯ ಸಸಿಗಳ ಜೊತೆ ಕೊಲ್ಲಿ ದೇಶಗಳಿಗೆ ತಲುಪಿ ಖರ್ಜೂರಕ್ಕೆ ಅಂಟಿತು. ಮುಂದೆ ಮೆಡಿಟರೇನಿಯನ್ ದೇಶಗಳವರೆಗೂ ಹೋಯಿತು. ಹಸಿ ಗಾಯದ ವಾಸನೆಗೆ ಅದು ಹಾರಿ ಬರುತ್ತದೆ. ಹೀಗಾಗಿ ಬೇವಿಗೆ ಬಣ್ಣ ಬಳಿಯುವುದು ದಂಡವಾದರೂ, ತೆಂಗು-ಖರ್ಜೂರದಲ್ಲಿ ಹಸಿ ಗರಿ ಕಡಿದ ಜಾಗಕ್ಕೆ ಔಷಧಿ ಹಚ್ಚುವುದು ಬೇಕೇ ಬೇಕು. ಒಂದು ಗಿಡಕ್ಕೆ ಸರಿಯಾದ ನಿಯಮ ಇನ್ನೊಂದಕ್ಕೆ ತಪ್ಪಾಗುವುದು ಹೀಗೆ.

ಅದಕ್ಕೇ ಹೊರಡುವ ಮುಂಚೆ ಬೂಟಿನ ಅಡಿಯ ಮಣ್ಣು, ಗರಗಸದ ಹಲ್ಲಿನ ಹೊಟ್ಟು, ಹಗ್ಗದ ಚೀಲದಲ್ಲಿ ಉಳಿದ ಎಲೆ-ಬೀಜ ಪೂರ್ತಿ ತೊಳೆದು ಒಣಗಿಸಬೇಕು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಮಣ್ಣು ಮೆತ್ತಿದ ಬೂಟನ್ನು ಹೇಳಿಕೊಳ್ಳದೆ ಒಯ್ದರೆ ದಂಡ ಬೀಳುತ್ತದೆ. ಸಾಮಾನನ್ನು ಕಟ್ಟಿಗೆಯ ಪೆಟ್ಟಿಗೆಯಲ್ಲಿ ಕಳಿಸುವುದಾದರೆ ‘ಐಎಸ್‌ಪಿಎಂ 15’ ಮುದ್ರೆ ಇರಬೇಕು. ಕಟ್ಟಿಗೆಯ ಒಳತಿರುಳನ್ನು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸುವಂಥ, ಹುಳ ಕೊಲ್ಲುವ ಉಪಚಾರ ಆಗಿದೆ ಎಂಬುದರ ಗುರುತು ಅದು. ಮುಂಡರಗಿಯ ಬಡಿಗೇರರಿಂದ ಮಾಡಿಸಿದ ಪೆಟ್ಟಿಗೆ ಎಷ್ಟು ಚಂದವಿದ್ದರೂ ಆ ಮುದ್ರೆಯಿಲ್ಲದೆ ಬಂದರಿನಲ್ಲಿ ನಿಲ್ಲುತ್ತದೆ. ಪ್ಲಾಸ್ಟಿಕ್ ಇಲ್ಲವೆ ಲೋಹದ ಪೆಟ್ಟಿಗೆಗೆ ಈ ತಕರಾರಿಲ್ಲ.

ಯಾವುದು ಮೊದಲು, ಯಾವುದು ಆಮೇಲೆ

1. ಹೋಗುವ ದೇಶದ ವೀಸಾ ಈ ಕಸುಬಿಗೆ ಇದೆಯೇ ನೋಡಿ. ಇಲ್ಲದಿದ್ದರೆ ಮುಂದಿನ ಖರ್ಚೆಲ್ಲ ವ್ಯರ್ಥ.

2. ಏಜೆಂಟನ ನೋಂದಣಿ ಸಂಖ್ಯೆಯನ್ನು ಇ-ಮೈಗ್ರೇಟ್ ತಾಣದಲ್ಲಿ ನೀವೇ ಪರೀಕ್ಷಿಸಿ. ಕೊಟ್ಟ ಹಣಕ್ಕೆಲ್ಲ ರಸೀದಿ ಪಡೆಯಿರಿ.

3. ಆ ದೇಶ ಒಪ್ಪುವ ಸರ್ಟಿಫಿಕೇಟ್ ಯಾವುದು, ಪರೀಕ್ಷೆ ಎಲ್ಲಿ ಎಂದು ಕೆಲಸ ಕೊಡುವವರಿಂದ ಬರಹದಲ್ಲಿ ಕೇಳಿ.

4. ಕೆಲಸದ ಒಪ್ಪಂದದಲ್ಲಿ ಗರಗಸ, ಇಂಧನ, ಸುರಕ್ಷಾ ಸಾಮಾನು ಯಾರದೆಂದು ಬರೆಸಿಕೊಳ್ಳಿ. ‘ಅಲ್ಲಿ ಹ್ವಾದ ಮ್ಯಾಲೆ ನೋಡೋಣು’ ಎಂಬ ಮಾತಿಗೆ ಒಪ್ಪಬೇಡಿ.

5. ಹಾರ್ನೆಸ್, ಹೆಲ್ಮೆಟ್, ಹಗ್ಗ ನಿಮ್ಮವೇ ಇರಲಿ. ಅವುಗಳ ಬಿಲ್ಲು, ಗುರುತು ಸಂಖ್ಯೆ, ತಯಾರಿಕೆ ದಿನಾಂಕದ ಫೋಟೊ ಇಟ್ಟುಕೊಳ್ಳಿ.

6. ಎಂಜಿನ್ ಗರಗಸವನ್ನು ಊರಲ್ಲೇ ಬಿಡಿ. ಟ್ಯಾಂಕ್ ಖಾಲಿ ಮಾಡಿ, ಚೈನಿಗೆ ಎಣ್ಣೆ ಸವರಿ, ನಂಬಿಕಸ್ತರ ಕೈಗೆ ಕೊಡಿ.

ಈ ಪಟ್ಟಿಯಲ್ಲಿ ಇವತ್ತೇ, ಹಮ್ಮಿಗಿಯಲ್ಲೇ, ಹೆಚ್ಚು ಖರ್ಚಿಲ್ಲದೆ ಶುರು ಮಾಡಬಹುದಾದದ್ದು ಒಂದಿದೆ. ಇಪ್ಪತ್ತು ರೂಪಾಯಿಯ ನೋಟ್‌ಬುಕ್ಕಿನಲ್ಲಿ ಪ್ರತಿ ಹಗ್ಗಕ್ಕೆ, ಪ್ರತಿ ಪಟ್ಟಿಗೆ ಒಂದೊಂದು ಪುಟ ತೆರೆಯಿರಿ: ಕೊಂಡ ದಿನ, ಬಳಸಿದ ದಿನ, ಹತ್ತಿದ ಗಿಡ, ಕೆಳಗೆ ನಿಂತವರ ಹೆಸರು, ಇಳಿದ ಮೇಲೆ ಹಗ್ಗವನ್ನು ಬೆರಳಿನಲ್ಲಿ ಸವರುತ್ತ ನೋಡಿದಾಗ ಕಂಡ ಸವೆತ. ಮೂರು ವರ್ಷ ತಪ್ಪದೆ ಬರೆದ ಇಂಥ ಪುಸ್ತಕ ಅನುಭವ ಕೇಳುವ ಪರೀಕ್ಷಕನಿಗೆ ಉತ್ತರವಾಗುತ್ತದೆ, ಹಗ್ಗ ಕೇಳುವ ಇನ್ಸ್‌ಪೆಕ್ಟರಿಗೂ ಉತ್ತರವಾಗುತ್ತದೆ. ಹೊರದೇಶಕ್ಕೆ ಹೋಗುವುದೇ ಆಗದಿದ್ದರೂ ನಷ್ಟವಿಲ್ಲ. ಸವೆದ ಹಗ್ಗವನ್ನು ಹತ್ತುವ ಮುಂಚೆಯೇ ಗುರುತಿಸಿದವನು ಸಂಜೆ ನಡೆದುಕೊಂಡೇ ಮನೆಗೆ ಬರುತ್ತಾನೆ.